ರಂಗಗಾಯಕನ ಪ್ರಭಾವವೂ ಸಂಗೀತದ ನವಮಾರ್ಗವೂ

ಜನಸಾಮಾನ್ಯರ ಕರತಾಡನದಿಂದಲೇ ಬಾಳುವ ಗಾಯಕನೊಬ್ಬನು, ಜನರ ಮೆಚ್ಚುಗೆಯನ್ನು ಲೆಕ್ಕಿಸದೆ ಹೊಸ ದಾರಿಯನ್ನು ಕಡಿದುಕೊಂಡು ಹೋಗುವ ಸಂಗೀತಗಾರನ ಮೇಲೆ ಪ್ರಭಾವವನ್ನು ಬೀರಬಲ್ಲನೆ? ಈ ಪ್ರಶ್ನೆಯು ಮೇಲುನೋಟಕ್ಕೆ ಹರಟೆಯ ವಿಷಯದಂತೆ ತೋರಿದರೂ ವಾಸ್ತವವಾಗಿ ಅಂತಹುದಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ಯಾವ ಹಾಡನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂದು ಹಿರಿಯರು ವಿಧಿಸುವಾಗಲೆಲ್ಲ ಈ ಪ್ರಶ್ನೆಗೆ ಒಂದು ಉತ್ತರವನ್ನು ವಿಚಾರಿಸದೆಯೇ ಕೊಟ್ಟುಬಿಟ್ಟಿರುತ್ತಾರೆ. ಆ ಉತ್ತರವು ಸಾಧುವೋ ಅಸಾಧುವೋ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳುವುದು ನ್ಯಾಯವು. ಪೂರ್ವಪಕ್ಷಿಯು ಹೇಳುವುದೇನೆಂದರೆ: ನಾಟಕದ ಹಾಡು, ಚಲಚ್ಚಿತ್ರದ ಹಾಡು ಇವು ಕೇಳುವವನ ರುಚಿಯನ್ನು ಅನುಸರಿಸುತ್ತವೆ, ಶುದ್ಧ ಸಂಗೀತವಾದರೋ ಕೇಳುವವನ ರುಚಿಯನ್ನು ತಿದ್ದುತ್ತದೆ. ಅನುಸರಿಸತಕ್ಕದ್ದು ತಿದ್ದತಕ್ಕದ್ದಕ್ಕೆ ಗುರುವಾಗುವುದು ಹೇಗೆ? ನೀರು ಮೇಲಿನಿಂದ ಕೆಳಕ್ಕೆ ಹರಿಯುವುದೇ ಹೊರತು ಕೆಳಗಿನಿಂದ ಮೇಲಕ್ಕೆ ಹರಿಯದು. ಆದುದರಿಂದ ವಿದ್ವಾಂಸನ ಸಂಗೀತವು ಜನಪ್ರಿಯ ಗಾಯಕನಿಗೆ ಬಂಡವಾಳವಾಗಬಹುದು. ಜನಪ್ರಿಯ ಗಾಯಕನು ವಿದ್ವಾಂಸನಿಗೆ ಕೊಡತಕ್ಕದ್ದು ಏನೂ ಇಲ್ಲ. ಸಂಸ್ಕೃತವನ್ನು ಓದಿದವರಿಗೆ ಈ ವಾದವು ಮಾರ್ಗ, ದೇಶೀ ಎಂಬ ವಿಭಾಗವನ್ನು ನೆನಪಿಗೆ ತರುವುದು. ಮಾರ್ಗವು ನಿಯಮಬದ್ಧವು, ದೇಶಿಯು ಜನಮನೋರಂಜನಕ್ಕಾಗಿ ಆಯಾ ಪ್ರಾಂತಗಳಲ್ಲಿ ಹುಟ್ಟಿದುದು. ಪಾಠಶಾಲೆಯಲ್ಲಿ ಕಲಿತ ನಾನೂ ಬಹುಕಾಲ ಈ ಪಕ್ಷದವನೇ ಆಗಿದ್ದೆನು.

ಆದರೆ ಶಾಸ್ತ್ರವನ್ನೇ ಇನ್ನೊಮ್ಮೆ ತೆರೆದು ನೋಡಿದರೆ ಈ ಪಕ್ಷದ ಅಡಿಗಲ್ಲು ಅಲುಗಾಡುತ್ತದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸಂಗೀತದ ವಿಚಾರವು 28ನೆಯ ಅಧ್ಯಾಯದಿಂದ ಆರಂಭವಾಗುತ್ತದೆ. ಸ್ವರ, ಶ್ರುತಿ, ಗ್ರಾಮ, ಜಾತಿ, ತಾಳ ಇವೆಲ್ಲವೂ ಅಲ್ಲಿ ನಿರೂಪಿತವಾಗಿರುವುದು ಯಾವುದರ ಅಂಗವಾಗಿ? ನಾಟಕದ ಅಂಗವಾಗಿ. ಪಾತ್ರವು ರಂಗವನ್ನು ಪ್ರವೇಶಿಸುವಾಗ, ನಿಷ್ಕ್ರಮಿಸುವಾಗ, ಭಾವವು ತಿರುಗುವಾಗ ಹಾಡತಕ್ಕ ಧ್ರುವಾಗಾನಕ್ಕೆ ಅಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಕೆಲವು ಪಾಠಗಳು ಅಪಭ್ರಂಶದ ಹಾಡುಗಳನ್ನು ಸೇರಿಸಿಕೊಂಡಿವೆ. ಅವು ಕಾಳಿದಾಸನವೇ ಅಲ್ಲವೇ ಎಂಬ ಚರ್ಚೆಯು ಹಾಗಿರಲಿ, ರಾಜಸಭೆಯ ನಾಟಕದೊಳಕ್ಕೆ ಜನಭಾಷೆಯ ಗಾನವು ಪ್ರವೇಶಿಸಿತೆಂಬುದಂತೂ ದಿಟವು. ಹೀಗಿರಲು, ಸಂಗೀತಶಾಸ್ತ್ರವೆಂಬ ಕುಲೀನ ಕನ್ಯೆಯ ತೌರುಮನೆಯು ರಂಗಭೂಮಿಯೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ತೌರನ್ನು ಹಳಿಯುವುದು ಅವಳಿಗೆ ಶೋಭಿಸದು. ಅಷ್ಟೇ ಅಲ್ಲ, ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ಬರೆಯುವ ವೇಳೆಗೆ ದೇಶೀ ರಾಗಗಳೇ ಶಾಸ್ತ್ರದ ದೊಡ್ಡ ಭಾಗವನ್ನು ಆಕ್ರಮಿಸಿದ್ದುವು. ಇಂದು ನಾವು ಶುದ್ಧವೆಂದು ತಲೆಯ ಮೇಲೆ ಹೊತ್ತಿರುವುದರಲ್ಲಿ ಎಷ್ಟೋ ಭಾಗವು ಒಂದಾನೊಂದು ಕಾಲದ ದೇಶಿಯೇ.

ಇದು ಸಾಮಾನ್ಯ ವಿಚಾರವಾಯಿತು. ಸಾಮಾನ್ಯದಿಂದ ವಿಶೇಷವು ಸಿದ್ಧಿಸದು, ದೃಷ್ಟಾಂತವು ಬೇಕು. ನಾನು ಆರಿಸಿಕೊಂಡಿರುವ ದೃಷ್ಟಾಂತವು ನಮ್ಮ ಬೆಳಗಾವಿಯ ಸೀಮೆಯ ಕುಮಾರ ಗಂಧರ್ವರದು. ಅವರಿಗೆ ಎದುರಾಗಿ ನಿಲ್ಲತಕ್ಕ ರಂಗಗಾಯಕರು ಬಾಲಗಂಧರ್ವರು. ಇಬ್ಬರ ಹೆಸರಿನಲ್ಲಿಯೂ ಗಂಧರ್ವಶಬ್ದವಿರುವುದರಿಂದ ಸಂಬಂಧವನ್ನು ಊಹಿಸಿಬಿಡಬಾರದು. ಒಂದು ಬಿರುದನ್ನು ಲೋಕಮಾನ್ಯ ತಿಲಕರು ಕೊಟ್ಟರೆಂದು ಪ್ರಸಿದ್ಧಿಯುಂಟು. ಇನ್ನೊಂದು ಕನ್ನಡ ನಾಡಿನ ಸ್ವಾಮಿಗಳೊಬ್ಬರು ಬಾಲಕನ ಗಾನವನ್ನು ಕೇಳಿ ಅನುಗ್ರಹಿಸಿದುದು. ಹೆಸರಿನ ಸಾಮ್ಯವು ಪ್ರಮಾಣವಲ್ಲ.

ಬಾಲಗಂಧರ್ವರ ನಿಜನಾಮವು ನಾರಾಯಣ ಶ್ರೀಪಾದ ರಾಜಹಂಸ. ಜನನ 1888, ಮರಣ 1967. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿ, 1913ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಮಾನಾಪಮಾನದ ಭಾಮಿನಿ, ಸ್ವಯಂವರದ ರುಕ್ಮಿಣಿ, ಏಕಚ ಪ್ಯಾಲಾದ ಸಿಂಧು ಮುಂತಾದ ಸ್ತ್ರೀಪಾತ್ರಗಳಲ್ಲಿ ಅವರು ಪಡೆದ ಕೀರ್ತಿಯು ಎಷ್ಟೆಂದರೆ, ಅವರು ರಂಗದ ಮೇಲೆ ಉಟ್ಟ ಸೀರೆ, ಮುಡಿದ ಹೂವು ಇವುಗಳನ್ನು ಕುಲಸ್ತ್ರೀಯರು ಅನುಕರಿಸುತ್ತಿದ್ದರೆಂದು ಹೇಳುವರು. ‘ಒನ್ಸ್ ಮೋರ್’ ಎಂಬ ಕೂಗಿಗೆ ಓಗೊಟ್ಟು ಒಂದೇ ಪದವನ್ನು ಮತ್ತೆ ಮತ್ತೆ ಹಾಡುತ್ತ ಬೆಳಗಿನ ಜಾವದವರೆಗೂ ನಾಟಕವನ್ನು ನಡೆಸಿದವರು ಅವರು. ಜನಪ್ರಿಯತೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣವು ಬೇಕಿಲ್ಲ.

ಈ ಕಥೆಯು ಮಹಾರಾಷ್ಟ್ರದ್ದಲ್ಲವೆ, ನಮಗೇನು ಎಂದು ವಾಚಕರು ಕೇಳಬಹುದು. ಆ ಮಂಡಳಿಯ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು 1880ರಲ್ಲಿ ರಂಗಕ್ಕೆ ತಂದ ಸಂಗೀತ ಶಾಕುಂತಲವು ನಮ್ಮ ಕಾಳಿದಾಸನದೇ ರೂಪಾಂತರವು. ಸ್ವಯಂವರ ನಾಟಕದ ಪದಗಳಿಗೆ ರಾಗಸಂಯೋಜನೆ ಮಾಡಿ ಬಾಲಗಂಧರ್ವರನ್ನು ತಿದ್ದಿದ ಗುರುಗಳು ಭಾಸ್ಕರಬುವಾ ಬಖಲೆಯವರು. ಅವರು ಧಾರವಾಡದಲ್ಲಿ ಕೆಲವು ಕಾಲ ಸಂಗೀತವನ್ನು ಕಲಿಸುತ್ತಿದ್ದವರು. ಅವರ ಗುರುಗಳಲ್ಲೊಬ್ಬರಾದ ನತ್ಥನ್ ಖಾನರು ಮೈಸೂರು ಆಸ್ಥಾನದಲ್ಲಿದ್ದವರು. ಬಾಲಗಂಧರ್ವರ ಉತ್ತರವಯಸ್ಸಿನಲ್ಲಿ ಅವರ ಮಂಡಳಿಯಲ್ಲಿ ಹಾಡಿ, ಅವರ ಬಾಳಸಂಗಾತಿಯಾದ ಗೋಹರಬಾಯಿ ಕರ್ನಾಟಕಿಯವರು ಬಿಜಾಪುರದ ಕಡೆಯವರು. ಚಲಚ್ಚಿತ್ರಗಳ ಹಾಡುಗಳಿಂದ ಹೆಸರಾದ ಅಮೀರಬಾಯಿಯವರ ಸೋದರಿ. ಹೀಗೆ ಆ ಗಾನವೃಕ್ಷದ ಬೇರೂ ಕೊಂಬೆಯೂ ಕನ್ನಡ ನೆಲದಲ್ಲಿ ಹರಡಿಕೊಂಡಿದ್ದುವು.

ಇನ್ನು ಎರಡನೆಯವರು. ಶಿವಪುತ್ರ ಸಿದ್ಧರಾಮಯ್ಯ ಕೊಂಕಳಿಮಠರು 1924ರ ಏಪ್ರಿಲ್ 8ರಂದು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಜನಿಸಿದರು. ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ದೊಡ್ಡ ಗಾಯಕರ ಹಾಡುಗಳನ್ನು ಎಳೆಯ ವಯಸ್ಸಿನಲ್ಲಿಯೇ ಯಥಾವತ್ತಾಗಿ ಒಪ್ಪಿಸಿ ಸಭೆಗಳನ್ನು ಬೆರಗುಗೊಳಿಸಿದ ಬಾಲಕನೇ ಮುಂದೆ ಕುಮಾರ ಗಂಧರ್ವರು. ಬಾಲ್ಯದಲ್ಲಿಯೇ ಮುಂಬಯಿಗೆ ಹೋಗಿ ಬಿ. ಆರ್. ದೇವಧರರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡರು. ಯೌವನದಲ್ಲಿ ಕ್ಷಯರೋಗವು ಹಿಡಿಯಿತು. 1948ರಲ್ಲಿ ಮಾಲವದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು. ಹಾಡಬಾರದೆಂದು ವೈದ್ಯರ ಕಟ್ಟಳೆ. ಹಾಡಲಾರದವನು ಕೇಳತೊಡಗಿದನು, ಕಿಟಕಿಯ ಹೊರಗೆ ಹಾದುಹೋಗುವ ಹಳ್ಳಿಗರ ಹಾಡುಗಳು ಕಿವಿಯ ಮೂಲಕ ಒಳಗೆ ಇಳಿದುವು. ರೋಗವು ಹಿಮ್ಮೆಟ್ಟಿ ಮತ್ತೆ ವೇದಿಕೆಯನ್ನು ಏರಿದಾಗ ಅವರ ಗಾನವು ಹಳೆಯ ಗಾನವಾಗಿರಲಿಲ್ಲ. ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಂಡುಕೊಂಡರು. ನಾಥಪಂಥಿಗಳ, ಕಬೀರರ ನಿರ್ಗುಣ ಪದಗಳಿಗೆ ಹೊಸ ಉಸಿರನ್ನು ಕೊಟ್ಟರು. ಅನೂಪರಾಗವಿಲಾಸವೆಂಬ ಗ್ರಂಥದಲ್ಲಿ ತಮ್ಮ ರಚನೆಗಳನ್ನು ಪ್ರಕಟಿಸಿದರು. ಘರಾನೆಯ ಕಟ್ಟುಪಾಡನ್ನು ಒಪ್ಪದ ಇವರನ್ನು ಸಂಪ್ರದಾಯಸ್ಥರು ಕಟುವಾಗಿ ಟೀಕಿಸಿದರು. 1992ರಲ್ಲಿ ದೇವಾಸದಲ್ಲಿಯೇ ದೇಹವನ್ನು ಬಿಟ್ಟರು. ಹಿಂದೂಸ್ಥಾನೀ ಸಂಗೀತದಲ್ಲಿ ನವಮಾರ್ಗದ ಗಾಯಕನೆಂದು ಒಬ್ಬರನ್ನೇ ಹೆಸರಿಸಬೇಕಾದರೆ ಹಲವರು ಇವರನ್ನೇ ಹೆಸರಿಸುವರು.

ಇಂತಹ ಗಾಯಕರು ತಮ್ಮ ಪ್ರೌಢವಯಸ್ಸಿನಲ್ಲಿ, 1960ರ ದಶಕದಲ್ಲಿ, ಒಂದು ಗಾನಸಭೆಯನ್ನು ಪೂರ್ತಿಯಾಗಿ ಬಾಲಗಂಧರ್ವರ ನಾಟ್ಯಗೀತಗಳಿಗೇ ಮೀಸಲಿಟ್ಟರು. ಅದಕ್ಕೆ ಅವರು ಇಟ್ಟ ಹೆಸರು ‘ಮಲಾ ಉಮಜಲೇಲೇ ಬಾಲಗಂಧರ್ವ’. ಎಂದರೆ, ನಾನು ಅರಿತುಕೊಂಡ ಬಾಲಗಂಧರ್ವ. ಇದರ ಧ್ವನಿಮುದ್ರಿಕೆಯೂ ಹೊರಬಂದಿತು. ನಮ್ಮ ವಿಚಾರಕ್ಕೆ ಈ ಹೆಸರೇ ಒಂದು ಸೂತ್ರದಂತಿದೆ. ‘ನಾನು ಅನುಕರಿಸಿದ’ ಎಂದಿಲ್ಲ, ‘ನಾನು ಸ್ಮರಿಸುವ’ ಎಂದಿಲ್ಲ, ‘ಅರಿತುಕೊಂಡ’ ಎಂದಿದೆ. ಅರಿತುಕೊಳ್ಳತಕ್ಕದ್ದು ಏನಾದರೂ ಇರುವಲ್ಲಿಯೇ ಅರಿವೆಂಬ ಮಾತು ಸಲ್ಲುವುದು. ನಾಟಕದ ಹಾಡಿನಲ್ಲಿ ಅರಿತುಕೊಳ್ಳುವಂತಹುದು ಏನೂ ಇಲ್ಲವೆಂಬ ಪೂರ್ವಪಕ್ಷಿಗೆ ಇದಕ್ಕಿಂತ ವಿನಯವಾದ ಉತ್ತರವೂ ಇಲ್ಲ, ತೀಕ್ಷ್ಣವಾದ ಉತ್ತರವೂ ಇಲ್ಲ.

ಆದರೂ ವಿಮರ್ಶಕನು ಇಲ್ಲಿಗೇ ತೃಪ್ತನಾಗಬಾರದು. ಗೌರವವು ಬೇರೆ, ಪ್ರಭಾವವು ಬೇರೆ. ಹಿರಿಯರಿಗೆ ನಮಸ್ಕರಿಸುವವರೆಲ್ಲರೂ ಅವರ ದಾರಿಯಲ್ಲಿ ನಡೆದವರಲ್ಲ. ಪ್ರಭಾವವೆನ್ನಲು ಮೂರು ಸಂಗತಿಗಳು ಕೂಡಬೇಕು: ಕೇಳಿರಬೇಕು, ಒಪ್ಪಿಕೊಂಡಿರಬೇಕು, ಕೃತಿಯಲ್ಲಿ ಗುರುತು ಕಾಣಬೇಕು. ಬಾಲ್ಯದಲ್ಲಿ ಗ್ರಾಮಫೋನನ್ನೇ ಗುರುವಾಗಿ ಪಡೆದವರು, ಮರಾಠೀ ನಾಟಕಮಂಡಳಿಗಳು ಸುತ್ತುತ್ತಿದ್ದ ಸೀಮೆಯಲ್ಲಿ ಬೆಳೆದವರು ಕೇಳಿದ್ದರೆಂಬುದರಲ್ಲಿ ಸಂಶಯವಿಲ್ಲ. ಒಪ್ಪಿದ್ದರೆಂಬುದಕ್ಕೆ ಮೇಲಿನ ಗಾನಸಭೆಯೇ ಸಾಕ್ಷಿ. ಉಳಿದುದು ಮೂರನೆಯದು, ಕಷ್ಟವಾದುದೂ ಅದೇ.

ಇಲ್ಲಿ ನಮಗೆ ದಾರಿ ತೋರತಕ್ಕವನು ಒಂಬತ್ತನೆಯ ಶತಮಾನದ ಆನಂದವರ್ಧನನು. ಒಬ್ಬ ಕವಿಯ ಕಾವ್ಯವು ಇನ್ನೊಬ್ಬನದನ್ನು ಹೋಲುವುದಕ್ಕೆ ಆತನು ಸಂವಾದವೆಂದು ಹೆಸರಿಟ್ಟು, ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಅದನ್ನು ಮೂರು ಬಗೆಯಾಗಿ ವಿಂಗಡಿಸಿದನು. ಕನ್ನಡಿಯ ಬಿಂಬದಂತಹುದು ಒಂದು, ಚಿತ್ರಪಟದಂತಹುದು ಇನ್ನೊಂದು, ಇಬ್ಬರು ಜೀವಂತ ಮನುಷ್ಯರ ಮುಖಗಳು ಹೋಲುವಂತಹುದು ಮೂರನೆಯದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದರ ಆತ್ಮವು ಹುರುಳಿಲ್ಲದ್ದು. ಆದುದರಿಂದ ಕವಿಯು ಅವೆರಡನ್ನೂ ಬಿಡಬೇಕು. ಮೂರನೆಯದನ್ನು ಬಿಡಬೇಕಾಗಿಲ್ಲ, ಏಕೆಂದರೆ ಹೋಲಿಕೆಯಿದ್ದರೂ ಪ್ರಾಣವು ಬೇರೆ. ಇವಕ್ಕೆ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪರಪುರಪ್ರವೇಶವೆಂಬ ನಾಲ್ಕನೆಯದನ್ನು ಕೂಡಿಸಿದನು.

ಈ ಅಳತೆಗೋಲನ್ನು ಹಿಡಿದು ನೋಡೋಣ. ತಟ್ಟೆಯ ಹಾಡನ್ನು ಯಥಾವತ್ತಾಗಿ ಒಪ್ಪಿಸಿದ ಬಾಲಕನದು ಪ್ರತಿಬಿಂಬವು. ಅದ್ಭುತವಾದುದು, ಆದರೆ ಪ್ರತಿಬಿಂಬವೇ. ಪ್ರೌಢ ಗಾಯಕರದು ಹಾಗಲ್ಲ. ಎರಡು ಧ್ವನಿಮುದ್ರಿಕೆಗಳನ್ನೂ ಒಂದರ ಬಳಿಕ ಒಂದನ್ನು ಕೇಳಿದರೆ ಮೊದಲು ಕಿವಿಗೆ ಬೀಳುವುದು ಭೇದವೇ. ಬಾಲಗಂಧರ್ವರ ಸ್ವರಪಂಕ್ತಿಯು ಎಣ್ಣೆಯ ಧಾರೆಯಂತೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಕುಮಾರರದು ಮಿಂಚಿನಂತೆ ಹೊಳೆದು, ನಿಂತು, ಮೌನವನ್ನು ಇಟ್ಟು, ಮತ್ತೆ ಹೊಳೆಯುವುದು. ಇದಕ್ಕೆ ಶ್ವಾಸಕೋಶದ ವ್ಯಾಧಿಯನ್ನೇ ಕಾರಣವಾಗಿ ಹೇಳುವವರುಂಟು. ಕೊರತೆಯು ಕಾರಣವಾಗಬಹುದು, ಆದರೆ ಕೊರತೆಯಿಂದಲೇ ಕಲೆಯು ಹುಟ್ಟದು. ಭೇದವನ್ನು ದಾಟಿ ಇನ್ನಷ್ಟು ಕೇಳಿದರೆ ಎರಡು ಸಾಮ್ಯಗಳು ಗೋಚರಿಸುತ್ತವೆ.

ಮೊದಲನೆಯದು ಮಾತಿನ ಮರ್ಯಾದೆ. ನಾಟಕದಲ್ಲಿ ರುಕ್ಮಿಣಿಯು ಹಾಡುವಾಗ ಅವಳು ಏನನ್ನು ಹೇಳುತ್ತಿದ್ದಾಳೆಂಬುದು ಕೊನೆಯ ಸಾಲಿನಲ್ಲಿ ಕುಳಿತವನಿಗೂ ತಿಳಿಯಬೇಕು. ಆದುದರಿಂದ ಬಾಲಗಂಧರ್ವರಲ್ಲಿ ತಾನವು ಮಾತನ್ನು ಮುರಿದು ನುಗ್ಗುವುದಿಲ್ಲ. ಮಾತಿನ ಭಾವವು ತುಂಬಿ ತುಳುಕಿದಾಗ ತಾನಾಗಿ ಹೊರಡುತ್ತದೆ. ಅನೇಕ ಖ್ಯಾಲ್ ಗಾಯಕರಿಗೆ ಮಾತೆಂಬುದು ಸ್ವರವನ್ನು ತೂಗುಹಾಕುವ ಗೂಟವಷ್ಟೆ. ಕುಮಾರರಲ್ಲಿ ಹಾಗಿಲ್ಲ, ಬಂದಿಶಿನ ಮಾತು ಏನು ಹೇಳುತ್ತದೆಯೋ ಅದೇ ರಾಗದ ನಡೆಯನ್ನು ನಿಶ್ಚಯಿಸುತ್ತದೆ. ಎರಡನೆಯದು ಹ್ರಸ್ವತೆಯಲ್ಲಿ ಪೂರ್ಣತೆ. ರಂಗದ ಪದಕ್ಕೆ ಕಥೆಯು ಕಾಯುತ್ತಿರುತ್ತದೆ; ತಟ್ಟೆಯ ಹಾಡಿಗೆ ಮೂರು ನಾಲ್ಕು ನಿಮಿಷಗಳ ಗಡುವು. ಆ ಅಲ್ಪಾವಕಾಶದಲ್ಲಿ ರಾಗದ ಮುಖವನ್ನು ಸಂಪೂರ್ಣವಾಗಿ ತೋರಿಸತಕ್ಕ ಕೌಶಲವನ್ನು ರಂಗವು ಕಲಿಸಿತು. ಪುನಃಪುನಃ ಹಾಡಬೇಕಾದಾಗ ಪ್ರತಿಸಲವೂ ಬೇರೆಯಾಗಿ ಹಾಡುವುದನ್ನೂ ಅದೇ ಕಲಿಸಿತು. ಗಂಟೆಗಟ್ಟಲೆಯ ವಿಳಂಬಿತಕ್ಕಿಂತ ಮಧ್ಯಲಯದ, ದ್ರುತದ ಚಿಕ್ಕ ಬಂದಿಶಿನಲ್ಲಿ ರಾಗದ ಜೀವವನ್ನು ಹಿಡಿಯಲು ಹೊರಟ ಕುಮಾರರ ಧೋರಣೆಗೂ ಇದಕ್ಕೂ ಇರುವ ಬಾಂಧವ್ಯವು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಇದೇ ತುಲ್ಯದೇಹಿಗಳ ಸಂವಾದ. ಮುಖವು ಹೋಲುತ್ತದೆ, ಪ್ರಾಣವು ಬೇರೆ.

ಆದರೆ ಅತಿವ್ಯಾಪ್ತಿದೋಷವನ್ನು ತಪ್ಪಿಸಬೇಕು. ಅವರ ನೂತನ ರಾಗಗಳು ಮಾಲವದ ಹಳ್ಳಿಗಳ ಋಣವೇ ಹೊರತು ರಂಗಭೂಮಿಯದಲ್ಲ. ನಿರ್ಗುಣ ಗಾನದ ಏಕಾಂತವು ಬಾಲಗಂಧರ್ವರ ಶೃಂಗಾರಲೋಕದಿಂದ ಬಲುದೂರ. ಹಲವು ಘರಾನೆಗಳಿಗೆ ಕಿವಿಗೊಡುವ ಔದಾರ್ಯವನ್ನು ಅವರು ದೇವಧರರಿಂದ ಪಡೆದರು. ಒಂದು ನದಿಗೆ ಒಂದೇ ಉಪನದಿಯೆಂದು ಸಾಧಿಸಹೊರಡುವುದು ವಿಮರ್ಶೆಯಲ್ಲ, ವಕಾಲತ್ತು.

ಇದು ಒಬ್ಬರಿಗೆ ಮಾತ್ರ ಸಂಭವಿಸಿದ ವಿಚಿತ್ರವೆಂದೂ ತಿಳಿಯಬಾರದು. ಕುಂದಗೋಳದ ರಾಮಚಂದ್ರರಾಯರು, ಎಂದರೆ ಸವಾಯಿ ಗಂಧರ್ವರು, ನಾಟಕಮಂಡಳಿಯಲ್ಲಿ ಪಾತ್ರಧಾರಿಗಳಾಗಿ ಹೆಸರು ಪಡೆದವರು; ಅವರೇ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಗುರುಗಳು. ಅಪೂರ್ವ ರಾಗಗಳ ಆಗರವೆನಿಸಿದ, ಜನರಂಜನೆಗೆ ಎಂದೂ ತಲೆಬಾಗದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕಮಂಡಳಿಯಲ್ಲಿ ಹಾಡುತ್ತಿದ್ದವರು. ಬಸವರಾಜ ರಾಜಗುರುಗಳೂ ಅದೇ ಮಂಡಳಿಯಲ್ಲಿದ್ದವರು. ತಬಲಾವಾದನದಲ್ಲಿ ಶ್ರೇಷ್ಠರಾದ ಅಹಮದ್ ಜಾನ್ ಥಿರಕವಾ ಅವರು ಗಂಧರ್ವ ಮಂಡಳಿಯ ರಂಗದ ಮುಂದೆ ಕುಳಿತು ನುಡಿಸಿದರು. ಪಾಶ್ಚಾತ್ಯರಲ್ಲಿಯೂ ಹೀಗೆಯೇ. ಇಂಗ್ಲೆಂಡಿನ ತರುಣತರುಣಿಯರು ಹುಚ್ಚೆದ್ದು ಕೂಗಿ ಮೆರೆಸಿದ ಬೀಟಲ್ಸ್ ಎಂಬ ಗಾಯಕಮೇಳವು 1967ರಲ್ಲಿ ಸಾರ್ಜೆಂಟ್ ಪೆಪ್ಪರ್ಸ್ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು; ಅದರ ಬೆನ್ನಲ್ಲಿಯೇ ಅದೇ ದೇಶದಲ್ಲಿ ಪ್ರೊಗ್ರೆಸಿವ್ ರಾಕ್ ಎಂಬ ಕ್ಲಿಷ್ಟವಾದ, ಸುದೀರ್ಘವಾದ ಹೊಸ ಸಂಗೀತಪದ್ಧತಿಯು ತಲೆಯೆತ್ತಿತು. ಅದರ ಪ್ರವರ್ತಕರಲ್ಲಿ ಹಲವರು ಆ ಜನಪ್ರಿಯ ಮೇಳದ ಋಣವನ್ನು ಮುಚ್ಚಿಟ್ಟವರಲ್ಲ. ದೇಶಕಾಲಗಳು ಬೇರೆಯಾದರೂ ಕಿವಿಯ ಧರ್ಮವು ಒಂದೇ.

ಹಾಗಾದರೆ ಪೂರ್ವಪಕ್ಷಿಯ ನೀರಿನ ದೃಷ್ಟಾಂತವು ಸುಳ್ಳೆ? ಸುಳ್ಳಲ್ಲ, ಅರ್ಧಸತ್ಯ. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದು ದಿಟವು. ಆದರೆ ಅದೇ ನೀರು ಬಿಸಿಲಿಗೆ ಆವಿಯಾಗಿ ಮೇಲೇರಿ ಮಳೆಯಾಗಿ ಮರಳುವುದೂ ದಿಟವು. ಭಾಸ್ಕರಬುವಾ ಅವರ ವಿದ್ಯೆಯು ಬಾಲಗಂಧರ್ವರ ಕಂಠಕ್ಕೆ ಇಳಿಯಿತು. ಅಲ್ಲಿಂದ ಜನಸಮುದ್ರವನ್ನು ಸೇರಿತು. ಆ ಸಮುದ್ರದ ದಡದಲ್ಲಿ ತಟ್ಟೆಯ ಮುಂದೆ ಕುಳಿತ ಕನ್ನಡ ಬಾಲಕನೊಬ್ಬನ ಮೂಲಕ ಮೇಲೇರಿ, ಬೇರೆಯ ರೂಪದಲ್ಲಿ ಮರಳಿ ಸುರಿಯಿತು. ವಿದ್ವಾಂಸರು ಮಳೆಯನ್ನು ಕೊಂಡಾಡಿ ಸಮುದ್ರವನ್ನು ಉಪ್ಪೆಂದು ಹಳಿಯುವರು.

ನಮ್ಮ ಸಾದಲಿಯ ಕಡೆ, ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುವ ಈ ಸೀಮೆಯಲ್ಲಿ, ಹಾರ್ಮೋನಿಯಮ್ಮಿನೊಡನೆ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳನ್ನು ವಾಚಕರು ನೋಡಿಯೇ ಇರುವರು. ಕೃಷ್ಣನೋ ದುರ್ಯೋಧನನೋ ಕಂದಪದ್ಯವನ್ನೆತ್ತಿದಾಗ, ಸಂಗೀತಪಾಠವನ್ನು ಎಂದೂ ಹೇಳಿಸಿಕೊಳ್ಳದ ರೈತನು ಮೋಹನಕ್ಕೂ ಕಲ್ಯಾಣಿಗೂ ಹೆಸರು ಹೇಳದಿದ್ದರೂ ಅಪಸ್ವರ ಬಿದ್ದ ಕ್ಷಣವೇ ತಲೆಯೆತ್ತುವನು. ಆ ಕಿವಿಯನ್ನು ತಿದ್ದಿದವರಾರು? ಸಭಾಗಾಯಕರಲ್ಲ.

ಕೊನೆಯಲ್ಲಿ ಒಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನು ವಿರಾಮದ ವೇಳೆಯಲ್ಲಿ ಚಲಚ್ಚಿತ್ರದ ಹಾಡೊಂದನ್ನು ತನ್ಮಯನಾಗಿ ಹಾಡುತ್ತಿದ್ದನು. ನಾನು ಬಾಗಿಲಲ್ಲಿ ನಿಂತು, ಇದು ಸಂಗೀತವಲ್ಲ, ಗದ್ದಲ ಎಂದೆನು. ಅವನು ನಾಚಿ ಕುಳಿತನು. ಆಮೇಲೆ ನನ್ನೆದುರಿನಲ್ಲಿ ಎಂದೂ ಹಾಡಲಿಲ್ಲ. ಕೆಲವು ವರ್ಷಗಳ ಮೇಲೆ ಕಚೇರಿಯೊಂದರಲ್ಲಿ ಆಭೇರಿಯ ಆಲಾಪನೆಯನ್ನು ಕೇಳುತ್ತಿರುವಾಗ, ಈ ಸಂಚಾರವು ಎಲ್ಲಿಯೋ ಪರಿಚಿತವಾದುದೆಂದು ಮನಸ್ಸು ತಡಕಾಡಿತು. ಪರಿಚಯಮಾಡಿಕೊಟ್ಟವನು ಆ ಹುಡುಗನೇ. ಆ ದಿನ ‘ಈ ರಾಗದ ಹೆಸರೇನು ಗೊತ್ತೆ, ಮಗು?’ ಎಂದು ಕೇಳಿದ್ದರೆ ಸಾಕಾಗಿತ್ತು. ಆದರೆ ಆಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದುದನ್ನು ಗದ್ದಲವೆಂದು ಕರೆಯುವುದು ಸುಲಭವು.

ಜನಪ್ರಿಯವಾದುದೆಲ್ಲವೂ ಬೀಜವಲ್ಲ, ಹೊಟ್ಟೂ ಬಹಳವುಂಟು. ಅದನ್ನು ಕೇರುವ ಮೊರವು ವಿವೇಕವು. ಆದರೆ ಮೊರವನ್ನು ಹಿಡಿಯುವ ಮೊದಲು ಕೇಳಬೇಕು. ಕೇಳದೆಯೇ ಕಣಜದ ಬಾಗಿಲನ್ನು ಮುಚ್ಚುವುದು ವಿವೇಕವಲ್ಲ. ಮನೆಯ ಮಕ್ಕಳು ಯಾವುದೋ ಹಾಡನ್ನು ಗುನುಗುತ್ತಿದ್ದರೆ ಹಿರಿಯರು ಒಂದು ನಿಮಿಷ ನಿಂತು ಕಿವಿಗೊಡಲಿ. ಸುಳೇಭಾವಿಯ ಬಾಲಕನು ತಟ್ಟೆಯ ಮುಂದೆ ಕುಳಿತಿದ್ದಾಗ ಯಾರೂ ಅವನನ್ನು ಎಬ್ಬಿಸಲಿಲ್ಲವೆಂಬುದೇ ನಮ್ಮ ಭಾಗ್ಯವು.

ಇತಿ ಶಮ್.